ಚಾವಣಿಯ ಬಿಸಿಗೆ ತಡೆ: ಯಾವ ಮಾಡಿಗೆ ಯಾವ ಪದರ?

ಡೊಂಬಿವಲಿಯ ಮೇಲಂತಸ್ತಿನ ಫ್ಲ್ಯಾಟ್ ಇರಲಿ, ಪುಣೆಯ ಸ್ಲ್ಯಾಬ್ ಮನೆ ಇರಲಿ, ಏಪ್ರಿಲ್–ಮೇ ರಾತ್ರಿಗಳಲ್ಲಿ ಫ್ಯಾನು ಬೀಸುವುದು ಬಿಸಿ ಗಾಳಿಯನ್ನೇ. ಹಗಲಿಡೀ ಬಿಸಿಲು ಹೀರಿದ ಕಾಂಕ್ರೀಟ್ ಅದನ್ನು ಕೋಣೆಯೊಳಗೆ ಬಿಡುವುದು ಕೆಲವು ಗಂಟೆ ಕಳೆದು, ನಾವು ಮಲಗುವ ಹೊತ್ತಿಗೆ. ಗೋವಾದ ಹೆಂಚಿನ ಮನೆಯಲ್ಲಿ ಹಾಗಲ್ಲ. ಹೆಂಚು ಬೇಗ ಕಾದು ಬೇಗ ಆರುತ್ತದೆ; ಅಟ್ಟದಲ್ಲಿ ಬಿಸಿಗಾಳಿ ಕಟ್ಟಿಕೊಳ್ಳುವುದೇ ಅಲ್ಲಿನ ಕಾಟ.

ರಾತ್ರಿ ಎಂಟರ ಸುಮಾರಿಗೆ ಚಾವಣಿಯ ಒಳಮೈಯನ್ನೂ ಗೋಡೆಗಳನ್ನೂ ಅಂಗೈಯಿಂದ ಮುಟ್ಟಿ ನೋಡಿ. ಚಾವಣಿಯೇ ಹೆಚ್ಚು ಬಿಸಿಯಾಗಿದ್ದರೆ ಅದಕ್ಕೆ ಶಾಖ ತಡೆಯುವ ಪದರ ಹಾಕಿಸಲು ಮುಂದುವರಿಯಿರಿ. ಪಶ್ಚಿಮದ ಗೋಡೆಯೂ ಅಷ್ಟೇ ಸುಡುತ್ತಿದ್ದರೆ ಚಾವಣಿಯ ಕೆಲಸವೊಂದರಿಂದಲೇ ಪೂರ್ತಿ ಫಲ ಸಿಗದು. ಸೋರಿಕೆ ಇದ್ದರೆ ಮೊದಲು ಅದು ನಿಲ್ಲಬೇಕು. ನೀರು ಕುಡಿದ ಪದರ ಶಾಖ ತಡೆಯುವುದಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಹೆಚ್ಚಿನ ಕೆಲಸ ಹಾಳಾಗುವುದು ಇಲ್ಲೇ.

ಕಾಂಕ್ರೀಟ್ ತಾರಸಿಗೆ ಪದರವನ್ನು ಮೇಲ್ಗಡೆ ಹಾಕುವುದೇ ಸರಿ. ಆಗ ಸ್ಲ್ಯಾಬೇ ಕಾಯುವುದಿಲ್ಲ, ಹಿಗ್ಗಿ ಕುಗ್ಗಿ ಬಿರುಕು ಬಿಡುವುದೂ ಕಡಿಮೆ. 50 ಮಿ.ಮೀ. ದಪ್ಪದ ಎಕ್ಸ್‌ಪಿಎಸ್ ಬೋರ್ಡ್ (ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಗಟ್ಟಿ ನೊರೆಹಲಗೆ) ತಡೆಯುವಷ್ಟು ಶಾಖ ತಡೆಯಲು ಕಾಂಕ್ರೀಟ್ ಎರಡು ಮೀಟರಿಗಿಂತ ದಪ್ಪ ಇರಬೇಕಾಗುತ್ತದೆ. ಸಾಂದ್ರತೆ ಘನಮೀಟರಿಗೆ 32–36 ಕಿಲೊ ಇರುವುದನ್ನೇ ಕೇಳಿ. ಅದಕ್ಕಿಂತ ಹಗುರವಾದದ್ದು ಓಡಾಟಕ್ಕೆ ಕುಸಿಯುತ್ತದೆ. 1250×600 ಮಿ.ಮೀ. ಅಳತೆಯ ಬೋರ್ಡ್ ಆದರೆ 400 ಚದರಡಿ ತಾರಸಿಗೆ 50 ಬೇಕು. ಕತ್ತರಿಸುವಾಗ ಹಾಳಾಗುವುದಕ್ಕೆ ಮತ್ತೆ ಮೂರು ಸೇರಿಸಿ.

ತಾರಸಿಯ ಇಳಿಜಾರು ಮೂರು ಮೀಟರಿಗೆ ಕನಿಷ್ಠ ಮೂರು ಸೆಂ.ಮೀ. ಇರಲಿ. ವಾಟರ್‌ಪ್ರೂಫಿಂಗ್ ಮುಗಿದ ಮೇಲೆ ಪೈಪಿನ ಬಾಯಿ ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗೆ ತೇವ ಕಾಣದಿದ್ದರೆ ಮಾತ್ರ ಬೋರ್ಡ್ ಹಾಸಿ. ಸಂದುಗಳು ಒಂದೇ ಗೆರೆಯಲ್ಲಿ ಬಾರದಂತೆ, ಇಟ್ಟಿಗೆ ಕಟ್ಟುವ ಹಾಗೆ, ಎಡೆಬಿಟ್ಟು ಜೋಡಿಸಿ. ಅದರ ಮೇಲೆ ಜಿಯೊಟೆಕ್ಸ್‌ಟೈಲ್ ಎಂಬ, ನೀರು ಇಳಿಯಬಿಡುವ ಕೃತಕ ನಾರಿನ ಬಟ್ಟೆ, ಆಮೇಲೆ ಜಾಲರಿ ಇಟ್ಟು 50 ಮಿ.ಮೀ. ಕಾಂಕ್ರೀಟ್ ಗಾರೆ, ಕೊನೆಗೆ ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲ್ ಚೂರುಗಳ ಹಾಸು). ಗಾರೆಯನ್ನು ಒಂದೇ ಹಾಸಾಗಿ ಬಿಡದೆ ಎರಡು–ಮೂರು ಮೀಟರಿಗೊಂದು ಸಂದು ಕೊಡಿಸಿ, ಏಳು ದಿನ ನೀರುಣಿಸಿ. ಬೋರ್ಡನ್ನು ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಮೇಲ್ಮೈ ಪುಡಿಯಾಗುತ್ತದೆ. ಭಾರ ಹಾಕುವ ಮೊದಲೇ ಮಳೆ ಬಂದರೆ ತೇಲಿಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಶುರು ಮಾಡಿ ಫೆಬ್ರುವರಿಯೊಳಗೆ ಮುಗಿಸಿ. ಥಿನ್ನರ್ ಇರುವ ಅಂಟು ಬೋರ್ಡಿಗೆ ತಗಲಲೇಬಾರದು, ಕರಗಿಸಿಬಿಡುತ್ತದೆ.

ಮುಂಬೈಯಲ್ಲಿ ಹಳೆಯ ಇಟ್ಟಿಗೆ ಕೋಬಾದ (ಸೋರಿಕೆ ತಡೆಯಲು ಇಟ್ಟಿಗೆ ಚೂರು, ಗಾರೆ ಸೇರಿಸಿ ತಾರಸಿಗೆ ಹಾಕುವ ದಪ್ಪ ಪದರದ) ಮೇಲೆ ಇನ್ನೊಂದು ಕೋಬಾ ಸುರಿಸುವವರಿದ್ದಾರೆ. ದಯವಿಟ್ಟು ಬೇಡ. ನಾಲ್ಕಿಂಚಿನ ಕೋಬಾ ಚದರ ಮೀಟರಿಗೆ 150 ಕಿಲೊಗಿಂತ ಹೆಚ್ಚು ತೂಗುತ್ತದೆ, ಶಾಖ ತಡೆಯುವುದು ಬಹಳ ಕಡಿಮೆ. ಹಳೆಯ ಕಟ್ಟಡಕ್ಕೆ ಏನೇ ಭಾರ ಸೇರಿಸುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಸೊಸೈಟಿಯ ತಾರಸಿ ಎಲ್ಲರ ಸ್ವತ್ತು. ಲಿಖಿತ ಒಪ್ಪಿಗೆ ಇಲ್ಲದೆ ಕೈ ಹಾಕಬೇಡಿ. ಒಪ್ಪಿಗೆ ಸಿಗದಿದ್ದರೆ ಒಳಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ಎಳೆದ ನಾರಿನ ಹಾಸು), ಕೆಳಗೆ ಜಿಪ್ಸಮ್ ಸೀಲಿಂಗ್. ರಾಕ್‌ವೂಲ್ ಬೆಂಕಿಗೆ ಅಂಜುವ ವಸ್ತುವಲ್ಲ. ದುಡ್ಡು ಉಳಿಯುತ್ತದೆಂದು ಅಲ್ಲಿ ಥರ್ಮೊಕೋಲ್ ತುಂಬಿಸಿದರೆ ಬೆಂಕಿಗೆ ಬೇಗ ಸಿಗುತ್ತದೆ, ಅದಕ್ಕೆ ತಾಗಿದ ಪಿವಿಸಿ ವೈರಿನ ಹೊದಿಕೆಯೂ ಗಡುಸಾಗಿ ಒಡೆಯುತ್ತದೆ.

ಹೆಂಚಿನ ಮಾಡಿಗೆ ಗ್ಲಾಸ್‌ವೂಲ್ ಬೇಡ. ಆ ಗಾಜಿನ ನಾರಿನ ಹಾಸು ಮಳೆಗಾಲದ ತೇವಕ್ಕೆ ತೊಯ್ದು ಜೋತುಬೀಳುತ್ತದೆ. ಹೆಂಚು ಇಳಿಸಿ ಪಕ್ಕಾಸಿನ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹಾಳೆಯನ್ನು ಸೂರಿನ ಕಡೆಯಿಂದ ಹಾಸುತ್ತಾ ಬನ್ನಿ, ಮೇಲಿನ ಹಾಳೆ ಕೆಳಗಿನದರ ಮೇಲೆ 15 ಸೆಂ.ಮೀ. ಬರಲಿ. ಅದರ ಮೇಲೆ ಪಕ್ಕಾಸಿನ ಗುಂಟ ಒಂದಿಂಚು ಪಟ್ಟಿ ಹೊಡೆದು, ಅಡ್ಡ ರೀಪು ಕೂರಿಸಿ, ಹೆಂಚು ಹೊದಿಸಿ. ಆ ಒಂದಿಂಚು ಸಂದಿನಲ್ಲಿ ಗಾಳಿ ಸೂರಿನಿಂದ ನೆತ್ತಿಯವರೆಗೆ ಹರಿಯುತ್ತದೆ, ನುಸುಳಿದ ಮಳೆನೀರು ಇಳಿದುಹೋಗುತ್ತದೆ.

ಶೀಟಿನ ಮನೆಗೂ ಫಾಯಿಲೇ. ಶೀಟಿಗೆ ಒತ್ತಿಕೊಂಡು ಅಂಟಿಸಿದರೆ ಶಾಖ ನೇರ ದಾಟಿಬಿಡುತ್ತದೆ, ಒಂದಿಂಚಾದರೂ ಕೆಳಗಿರಲಿ. ಮೇಲೆ ಬಿಳಿ ಕೂಲ್‌ರೂಫ್ ಬಣ್ಣ (ಬಿಸಿಲನ್ನು ಹಿಂದಕ್ಕೆ ಎರಚುವ ಬಣ್ಣ) ಎರಡು ಕೋಟು ಬಳಿದು, ಪ್ರತಿ ಫೆಬ್ರುವರಿಗೆ ದೂಳು, ಪಾಚಿ ತೊಳೆಯಿರಿ. ಹಳೆಯ ಆಸ್‌ಬೆಸ್ಟಾಸ್ ಶೀಟಿಗೆ ಮಾತ್ರ ಡ್ರಿಲ್ ಹಾಕಬೇಡಿ, ಉಜ್ಜಲೂ ಬೇಡಿ. ಅದರ ನಾರಿನ ದೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ.