ಗ್ರಾಹಕರ ಮಾಹಿತಿಯನ್ನು ನಾವು ಕಡಿಮೆ ಮಾಡಿದ ಬಗೆ

ಆನ್‌ಲೈನ್ ಮಾರಾಟದ ಸಂಸ್ಥೆಯೊಂದರಲ್ಲಿ ಗ್ರಾಹಕರ ಮಾಹಿತಿಯ ಹೊಣೆ ನನಗೆ ಬಂದಾಗ, ಹೊಸ ಭದ್ರತಾ ತಂತ್ರಾಂಶಗಳ ಪಟ್ಟಿ ಕೊಡುತ್ತೇನೆಂದು ಎಲ್ಲರೂ ಕಾದಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಡೇಟಾಬೇಸಿನಲ್ಲಿರುವ ಒಂದೊಂದು ವಿವರವನ್ನೂ ಯಾರು, ಯಾವ ಕೆಲಸಕ್ಕೆ ಬಳಸುತ್ತಿದ್ದೀರಿ? ಹಲವಕ್ಕೆ ಉತ್ತರವೇ ಬರಲಿಲ್ಲ. ಅವನ್ನು ಅಳಿಸಿದೆವು.

ಹುಟ್ಟಿದ ದಿನಾಂಕದ ಬಗ್ಗೆ ಮಾತ್ರ ವಾದ ನಡೆಯಿತು. ಶುಭಾಶಯ ಕಳುಹಿಸಲು ಇಟ್ಟುಕೊಂಡಿದ್ದೇವೆ, ಅದರಿಂದ ಯಾರಿಗೇನು ತೊಂದರೆ ಎಂದು ಮಾರಾಟ ವಿಭಾಗದವರು ಕೇಳಿದರು. ಸಂಶೋಧಕಿ ಲಟಾನ್ಯಾ ಸ್ವೀನಿ 2000ರಲ್ಲಿ ಕಂಡುಕೊಂಡದ್ದನ್ನು ಅವರಿಗೆ ವಿವರಿಸಿದೆ. ಅಂಚೆ ಸಂಖ್ಯೆ, ಲಿಂಗ, ಹುಟ್ಟಿದ ದಿನಾಂಕ ಈ ಮೂರು ಸೇರಿದರೆ ಸಾಕು, ಅಮೆರಿಕದ ಸುಮಾರು ಶೇ. 87ರಷ್ಟು ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದು ಎಂಬುದು ಅವರ ಅಂದಾಜು. ಹೆಸರಿನ ಅಗತ್ಯವೇ ಇಲ್ಲ. ದಿನಾಂಕವನ್ನು ಕೈಬಿಟ್ಟೆವು.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಲಾಗ್ ಕಡತಗಳು, ಅಂದರೆ ವ್ಯವಸ್ಥೆಯಲ್ಲಿ ನಡೆದದ್ದನ್ನು ತಾನಾಗಿ ದಾಖಲಿಸುತ್ತ ಹೋಗುವ ಕಡತಗಳು. ಡೇಟಾಬೇಸಿಗೆ ಎಲ್ಲರೂ ಬೀಗ ಹಾಕುತ್ತಾರೆ, ಲಾಗ್‌ಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಲಾಗಿನ್ ವಿಫಲವಾದಾಗ ಕಾರಣ ಹುಡುಕಲು ಅನುಕೂಲವಾಗಲೆಂದು ಹಿಂದೆ ಯಾರೋ ಇಡೀ ಫಾರ್ಮ್ ಅನ್ನೇ ಲಾಗ್‌ಗೆ ಬರೆಯಿಸಿದ್ದರು. ಬಳಕೆದಾರರ ಹೆಸರು, ಅದರ ಪಕ್ಕದಲ್ಲೇ ಅವರು ಟೈಪಿಸಿದ ಪಾಸ್‌ವರ್ಡ್. ಅದು ತಪ್ಪು ಪಾಸ್‌ವರ್ಡ್ ತಾನೇ ಎನ್ನಬಹುದು. ಒಂದಕ್ಷರ ತಪ್ಪಿದ್ದರೆ ಸರಿಯಾದದ್ದನ್ನು ಊಹಿಸಲು ಎಷ್ಟು ಹೊತ್ತು ಬೇಕು? ದೊಡ್ಡವರೂ ಇದರಿಂದ ಹೊರತಲ್ಲ. 2018ರಲ್ಲಿ ಟ್ವಿಟರ್, 2019ರಲ್ಲಿ ಫೇಸ್‌ಬುಕ್ ತಮ್ಮ ಒಳ ವ್ಯವಸ್ಥೆಗಳಲ್ಲಿ ಪಾಸ್‌ವರ್ಡ್‌ಗಳು ಓದಲು ಬರುವ ರೂಪದಲ್ಲೇ ಉಳಿದಿದ್ದವೆಂದು ಒಪ್ಪಿಕೊಂಡವು. ಲಾಗ್‌ನಲ್ಲಿ ಬರೆಯಬಾರದ ವಿವರಗಳ ಪಟ್ಟಿಯನ್ನು ನಾವು ಮಾಡಲಿಲ್ಲ, ಬರೆಯಬಹುದಾದವುಗಳ ಪಟ್ಟಿಯನ್ನಷ್ಟೇ ಮಾಡಿದೆವು. ನಾಳೆ ಫಾರ್ಮ್‌ಗೆ ಹೊಸದೇನೋ ಸೇರಿದರೂ ಅದು ತಾನಾಗಿ ಹೊರಗುಳಿಯುತ್ತದೆ. ಹಳೆಯ ಲಾಗ್‌ಗಳನ್ನು ಅಳಿಸಿ, ಅವುಗಳಲ್ಲಿ ಹೆಸರಿದ್ದವರಿಗೆಲ್ಲ ಪಾಸ್‌ವರ್ಡ್ ಬದಲಿಸಲು ತಿಳಿಸಿದೆವು.

ಡೇಟಾಬೇಸಿನಲ್ಲಿದ್ದ ಪಾಸ್‌ವರ್ಡ್‌ಗಳು ಹಳೆಯ ಹ್ಯಾಶ್ ವಿಧಾನದಲ್ಲಿದ್ದವು. ಮೂಲ ಪದವನ್ನು ನೇರವಾಗಿ ಮರಳಿ ಪಡೆಯಲಾಗದಂತೆ ಸಂಕೇತವಾಗಿ ಮಾರ್ಪಡಿಸಿಡುವುದೇ ಹ್ಯಾಶ್. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2ಗೆ ಬದಲಾಯಿಸಬೇಕಿತ್ತು. ಅಸಲಿ ಪಾಸ್‌ವರ್ಡ್ ಕೈಗೆ ಸಿಗುವುದು ಲಾಗಿನ್ ಹೊತ್ತಿನಲ್ಲಿ ಮಾತ್ರವಾದ್ದರಿಂದ, ಗ್ರಾಹಕರು ಮತ್ತೆ ಲಾಗಿನ್ ಆಗುವವರೆಗೆ ಕಾಯುವುದು ಸಾಮಾನ್ಯ ರೂಢಿ. ಹಾಗೆ ಮಾಡಿದರೆ ಮರಳಿ ಬಾರದವರ ಖಾತೆಗಳು ದುರ್ಬಲವಾಗಿಯೇ ಉಳಿಯುತ್ತವೆ. ಅದಕ್ಕಾಗಿ ಹಳೆಯ ಹ್ಯಾಶ್ ಅನ್ನೇ ಆರ್ಗಾನ್2ರೊಳಗೆ ಹಾಯಿಸಿ ಎಲ್ಲ ಖಾತೆಗಳನ್ನೂ ಒಟ್ಟಿಗೆ ಬದಲಾಯಿಸಿದೆವು. ಮುಂದೆ ಯಾರಾದರೂ ಲಾಗಿನ್ ಆದಾಗ ಹಳೆಯ ಪದರ ಕಳಚಿಕೊಳ್ಳುತ್ತದೆ.

ಖಾತೆ ಅಳಿಸಿ ಎಂದು ಕೇಳಿದವರ ಮಾಹಿತಿ ಬ್ಯಾಕಪ್‌ನಲ್ಲಿ ಉಳಿದೇ ಇರುತ್ತದೆ. ಬ್ಯಾಕಪ್‌ನಿಂದ ಡೇಟಾಬೇಸನ್ನು ಮರಳಿ ತಂದ ದಿನ ಅವರೂ ಮರಳಿ ಬರುತ್ತಾರೆ! ಆದ್ದರಿಂದ ಅಳಿಸಿದ ಖಾತೆಗಳ ಕ್ರಮಸಂಖ್ಯೆಗಳನ್ನು ಮಾತ್ರ ಬೇರೆಡೆ ಇಟ್ಟಿದ್ದೇವೆ, ಮರಳಿ ತಂದ ಕೂಡಲೇ ಆ ಪಟ್ಟಿಯಂತೆ ಮತ್ತೊಮ್ಮೆ ಅಳಿಸುತ್ತೇವೆ. ಪರೀಕ್ಷೆಗೆಂದು ತಂತ್ರಜ್ಞರ ಲ್ಯಾಪ್‌ಟಾಪ್‌ಗಳಲ್ಲಿದ್ದ ಅಸಲಿ ಮಾಹಿತಿಯ ಜಾಗಕ್ಕೆ ಕಲ್ಪಿತ ಮಾಹಿತಿ ಬಂತು.

ಇಷ್ಟಾದರೂ ಸೋರಿಕೆ ಆಗುವುದೇ ಇಲ್ಲವೆಂದು ಯಾವ ಸಂಸ್ಥೆಯೂ ಹೇಳಲಾಗದು. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು, ಜನರಿಗೆ ಅಪಾಯ ತರಬಲ್ಲ ಸೋರಿಕೆ ತಿಳಿದ 72 ಗಂಟೆಯೊಳಗೆ ಮೇಲ್ವಿಚಾರಣಾ ಸಂಸ್ಥೆಗೆ ತಿಳಿಸಬೇಕೆನ್ನುತ್ತದೆ. ಗ್ರಾಹಕರಿಗೆ ತಿಳಿಸಲೂ ನಾವು ಅದೇ ಗಡುವು ಇಟ್ಟುಕೊಂಡು, ಪತ್ರದ ಕರಡನ್ನು ಮೊದಲೇ ಬರೆದಿಟ್ಟೆವು. "ನಿಮ್ಮ ಗೋಪ್ಯತೆ ನಮಗೆ ಅಮೂಲ್ಯ" ಎಂದು ಕರಡು ಶುರುವಾಗಿತ್ತು. ಆ ಸಾಲನ್ನು ಹೊಡೆದುಹಾಕಿಸಿದೆ. ಯಾವ ವಿವರ ಹೊರಹೋಗಿದೆ ಎಂಬುದು ಈಗ ಮೊದಲ ಸಾಲಿನಲ್ಲಿದೆ, ಓದುವವರು ತಕ್ಷಣ ಮಾಡಬೇಕಾದದ್ದು ಎರಡನೆಯದರಲ್ಲಿ.