ಬಸ್ಸು, ಮೆಟ್ರೊ, ರೈಲಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಸುರಕ್ಷತೆ: ಹತ್ತುವ ಮುನ್ನ, ಹಲ್ಲೆಯಾದಾಗ, ಆಮೇಲೆ

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಮಹಿಳೆಯರ ಜೊತೆಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಕರ್ನಾಟಕದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಟಿಕೆಟ್ಟಿನ ಹಣ ಉಳಿದರೂ ಬಸ್ಸು ಹತ್ತುವಾಗಿನ ಭಯ ಹೋಗಿಲ್ಲ. ಹಲ್ಲೆ ಸಾಮಾನ್ಯವಾಗಿ ಏಟಿನಿಂದ ಶುರುವಾಗುವುದಿಲ್ಲ; ಹಿಂದಿನ ಸೀಟಿನ ನಗು, ಮುಖಕ್ಕೆ ಹಿಡಿದ ಮೊಬೈಲು, ಗಂಡೋ ಹೆಣ್ಣೋ ಎಂಬ ಪ್ರಶ್ನೆ, ನೂಕುನುಗ್ಗಲಿನ ನೆಪದಲ್ಲಿ ಮೈಮೇಲೆ ಬೀಳುವ ಕೈ, ಕೊನೆಗೆ ಇಳಿದ ಮೇಲೂ ಬೆನ್ನು ಬಿಡದ ಹೆಜ್ಜೆ, ಹೀಗೆ ಅದು ಬೆಳೆಯುತ್ತದೆ. ಇಲ್ಲಿರುವ ಎಚ್ಚರಿಕೆಗಳಲ್ಲಿ ಯಾವುದನ್ನೇ ನೀವು ಪಾಲಿಸದಿದ್ದರೂ ಹಿಂಸೆಯ ಹೊಣೆ ಹಿಂಸೆ ಮಾಡಿದವರದ್ದೇ.

ರಾತ್ರಿ ಪ್ರಯಾಣವಿದ್ದರೆ ಬಸ್ಸಿನ ನೋಂದಣಿ ಸಂಖ್ಯೆ ಮತ್ತು ಇಳಿಯುವ ನಿಲ್ದಾಣವನ್ನು ನಂಬಿಕೆಯ ಒಬ್ಬರಿಗೆ ಕಳುಹಿಸಿ, ವಾಟ್ಸ್ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಹಂಚಿಕೊಳ್ಳಿ. ಬಸ್ಸಿಗೆ ಕಾಯುವಾಗ ತೆರೆದಿರುವ ಅಂಗಡಿಯ ಬೆಳಕಿನಲ್ಲಿ ನಿಲ್ಲುವುದು, ಹತ್ತಿದ ಮೇಲೆ ಹಿಂದಿನ ಸಾಲನ್ನು ಬಿಟ್ಟು ಚಾಲಕರಿಗೋ ನಿರ್ವಾಹಕರಿಗೋ ಕಾಣುವಂತೆ ಬಾಗಿಲಿನ ಹತ್ತಿರ ಕೂರುವುದು ಒಳ್ಳೆಯದು. ಇಳಿದ ನಂತರದ ಕೆಲವು ನಿಮಿಷಗಳು ಬಸ್ಸಿನೊಳಗಿನ ಹೊತ್ತಿಗಿಂತ ಅಪಾಯಕರವಾಗಿರಬಹುದು. ಯಾರೋ ಹಿಂಬಾಲಿಸುತ್ತಿದ್ದಾರೆಂದು ಅನಿಸಿದರೆ ನಿಮ್ಮ ನಿಲ್ದಾಣ ಬಂದರೂ ಇಳಿಯದೆ, ಜನರಿರುವ ಮುಂದಿನ ನಿಲ್ದಾಣದಲ್ಲಿ ಇಳಿದು ಹೋಟೆಲ್ಲಿಗೋ ಪೆಟ್ರೋಲ್ ಬಂಕಿಗೋ ಹೋಗಿ ಅಲ್ಲಿಂದಲೇ ಕರೆ ಮಾಡಿ. ಮನೆಯ ದಾರಿಯನ್ನು ಅವರಿಗೆ ತೋರಿಸಬೇಡಿ.

ಉಚಿತ ಟಿಕೆಟ್ ಪಡೆಯಲು ತೋರಿಸುವ ಗುರುತಿನ ಚೀಟಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಚೀಟಿಯಲ್ಲಿ ಹಳೆಯ ಹೆಸರೋ ಹಳೆಯ ಭಾವಚಿತ್ರವೋ ಇದ್ದು, ನಿರ್ವಾಹಕರು ಅದನ್ನು ಗಟ್ಟಿಯಾಗಿ ಓದಿದರೆ, ಆ ಕ್ಷಣದವರೆಗೆ ಯಾರ ಗಮನಕ್ಕೂ ಬಾರದೆ ಕುಳಿತಿದ್ದವರ ಕಡೆಗೆ ಇಡೀ ಬಸ್ಸು ತಿರುಗಿ ನೋಡುತ್ತದೆ. ಆದ್ದರಿಂದ ಚೀಟಿಯನ್ನು ಅವರ ಕೈಗೆ ಕೊಟ್ಟು, "ಅಣ್ಣಾ, ಹೆಸರು ಜೋರಾಗಿ ಹೇಳಬೇಡಿ" ಎಂದು ಮೆಲ್ಲಗೆ ಕೇಳಿಕೊಳ್ಳಿ. ಸುತ್ತಲಿನವರ ವರ್ತನೆ ಸರಿಯಿಲ್ಲವೆಂದು ಕಂಡರೆ ಅಂದಿನ ಮಟ್ಟಿಗೆ ಹಣ ಕೊಟ್ಟು ಟಿಕೆಟ್ ಪಡೆಯಿರಿ. ಅದರಿಂದ ನಿಮ್ಮ ಹಕ್ಕನ್ನು ಬಿಟ್ಟುಕೊಟ್ಟಂತಾಗುವುದಿಲ್ಲ. ಮೆಟ್ರೊ ತಪಾಸಣೆಯಲ್ಲಿ ಯಾವ ಸಾಲಿಗೆ ಹೋದರೂ ಮುಜುಗರ ಎದುರಿಸುವ ಟ್ರಾನ್ಸ್ ಪುರುಷರು (ಹುಟ್ಟಿದಾಗ ಹೆಣ್ಣೆಂದು ದಾಖಲಾಗಿ, ಗಂಡಾಗಿ ಬಾಳುವವರು), ಮೈಮುಟ್ಟದೆ ಕೈಯಲ್ಲಿ ಹಿಡಿಯುವ ಲೋಹಶೋಧಕದಿಂದ ಪರೀಕ್ಷಿಸುವಂತೆ ಕೇಳಬಹುದು.

ಕಿರುಕುಳ ಶುರುವಾದರೆ ಗುಂಪಿನೊಂದಿಗೆ ವಾದಕ್ಕೆ ಇಳಿಯದೆ, ಒಬ್ಬ ವ್ಯಕ್ತಿಯನ್ನು ಗುರುತಿಸಿ, ಒಂದೇ ಕೆಲಸ ಹೇಳಿ: "ಕಂಡಕ್ಟರ್ ಅಣ್ಣಾ, ಈ ನೀಲಿ ಅಂಗಿಯವರು ಮೈಮುಟ್ಟುತ್ತಿದ್ದಾರೆ, ಬಸ್ ನಿಲ್ಲಿಸಿ." ಯಾರನ್ನು ಕೇಳಿದ್ದು, ಏನು ಕೇಳಿದ್ದು ಎಂಬುದು ಸ್ಪಷ್ಟವಾದಾಗ ಕೇಳಿಸಿಯೂ ಕೇಳಿಸದಂತಿರುವುದು ಕಷ್ಟ. ಬಸ್ಸಿನಲ್ಲಿ ತುರ್ತು ಗುಂಡಿಯಿದ್ದರೆ ಒತ್ತಿ, 112ಕ್ಕೆ ಕರೆ ಮಾಡಿ. ರೈಲಿನಲ್ಲಿ 139ಕ್ಕೆ ಕರೆ ಮಾಡಿ, ಟಿಟಿಇ ಅಥವಾ ರೈಲ್ವೆ ರಕ್ಷಣಾ ಪಡೆಯವರ ಬಳಿಗೆ ಹೋಗಿ. ರೈಲಿನಲ್ಲಿ ನಡೆದ ಅಪರಾಧದ ದೂರನ್ನು ಪ್ರಯಾಣ ನಿಲ್ಲಿಸದೆಯೇ ಅವರಿಗೆ ಬರೆದುಕೊಡಬಹುದು.

ಹಲ್ಲೆಯಾದ ಮೇಲಿನ ಮೊದಲ ಗಂಟೆಗಳು ಸಾಕ್ಷ್ಯದ ದೃಷ್ಟಿಯಿಂದ ಮುಖ್ಯ. ಯಂತ್ರದಿಂದ ಬರುವ ಟಿಕೆಟ್ಟಿನಲ್ಲಿ, ಅದು ಉಚಿತ ಪ್ರಯಾಣಕ್ಕೆ ಕೊಡುವ ಶೂನ್ಯ ದರದ ಟಿಕೆಟ್ ಆಗಿದ್ದರೂ, ಆ ಪ್ರಯಾಣದ ದಾಖಲೆ ಇರುತ್ತದೆ. ಆದರೆ ಶಾಖಕ್ಕೆ ಮೂಡುವ ಆ ಅಕ್ಷರಗಳು ಬೇಗ ಮಾಸುವುದರಿಂದ ಕೂಡಲೇ ಅದರ ಫೋಟೊ ತೆಗೆದಿಡಿ. ಬಟ್ಟೆ ಒಗೆಯಬೇಡಿ. ಗಾಯ ಚಿಕ್ಕದೆನಿಸಿದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹಲ್ಲೆಯಿಂದಾದದ್ದೆಂದು ಸ್ಪಷ್ಟವಾಗಿ ಹೇಳಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿಸಿ. ಸಿಸಿಟಿವಿ ದೃಶ್ಯಗಳು ಕೆಲವು ದಿನಗಳಲ್ಲಿ ಅಳಿಸಿಹೋಗಬಹುದಾದ್ದರಿಂದ, ಅವನ್ನು ಕಾಯ್ದಿರಿಸುವಂತೆ ಡಿಪೊ ಅಥವಾ ನಿಲ್ದಾಣದ ಅಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಘಟನೆ ತಮ್ಮ ವ್ಯಾಪ್ತಿಯಲ್ಲಿ ನಡೆದಿಲ್ಲವೆಂದು ಠಾಣೆಯವರು ವಾಪಸು ಕಳುಹಿಸುವಂತಿಲ್ಲ; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ಜೀರೊ ಎಫ್‌ಐಆರ್ (ವ್ಯಾಪ್ತಿ ನೋಡದೆ ದಾಖಲಿಸುವ ಎಫ್‌ಐಆರ್) ಆಗಬೇಕು, ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ದೂರನ್ನು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಯಾವ ಕಲಮುಗಳನ್ನು ಹಾಕಿದ್ದಾರೆಂಬುದನ್ನು ತಪ್ಪದೆ ನೋಡಿ. ಸಂಸತ್ತು 2019ರಲ್ಲಿ ಅಂಗೀಕರಿಸಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆಯು ದೈಹಿಕ, ಲೈಂಗಿಕ, ಮಾತಿನ ದೌರ್ಜನ್ಯಗಳನ್ನೆಲ್ಲ 18ನೆಯ ಕಲಮಿನಡಿ ಒಂದೇ ಕಡೆ ತಂದು, 6 ತಿಂಗಳಿಂದ 2 ವರ್ಷಗಳವರೆಗಿನ ಶಿಕ್ಷೆಯನ್ನಷ್ಟೇ ನಿಗದಿ ಮಾಡಿತು. ಇದು ಅನ್ಯಾಯವೆಂದು ಸಮುದಾಯವು ಅಂದಿನಿಂದ ಹೇಳುತ್ತಲೇ ಬಂದಿದೆ, ಆ ಮಾತು ಸರಿ. ಮೂಳೆ ಮುರಿಯುವಂಥ ಪೆಟ್ಟಿಗೆ ಭಾರತೀಯ ನ್ಯಾಯ ಸಂಹಿತೆಯ 117ನೆಯ ಕಲಮಿನಲ್ಲಿ 7 ವರ್ಷಗಳವರೆಗೆ ಸೆರೆವಾಸವಿದೆ. ಆದ್ದರಿಂದ 18ನೆಯ ಕಲಮಿನ ಜೊತೆಗೆ ಗಾಯ, ಬೆದರಿಕೆ, ತಡೆದು ನಿಲ್ಲಿಸಿದ್ದು ಇವುಗಳಲ್ಲಿ ಅನ್ವಯಿಸುವ ಕಲಮುಗಳನ್ನೂ ಸೇರಿಸುವಂತೆ ಪಟ್ಟು ಹಿಡಿಯಿರಿ. ಠಾಣೆಗೆ ಒಬ್ಬರೇ ಹೋಗದೆ, ಸಮುದಾಯದ ಹಿರಿಯರನ್ನೋ ಸಂಘಟನೆಯವರನ್ನೋ ಕರೆದುಕೊಂಡು ಹೋಗಿ. ವಕೀಲರ ನೆರವಿಗಾಗಿ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಬಹುದು.

ಇನ್ನು ಸಹಪ್ರಯಾಣಿಕರಿಗೆ. ನೀವು ಹೊಡೆದಾಟಕ್ಕೆ ಇಳಿಯಬೇಕಿಲ್ಲ. ಎದ್ದು ಹೋಗಿ "ಅಕ್ಕಾ, ಇಲ್ಲಿ ಬಂದು ಕೂತ್ಕೊಳ್ಳಿ" ಎಂದು ಪಕ್ಕದಲ್ಲಿ ಜಾಗ ಕೊಟ್ಟರೂ ಅವರು ಒಂಟಿಯಲ್ಲ ಎಂಬುದು ಎಲ್ಲರಿಗೂ ತಿಳಿಯುತ್ತದೆ. ವಿಡಿಯೊ ಮಾಡುವುದಾದರೆ ಹಲ್ಲೆ ಮಾಡುತ್ತಿರುವವರನ್ನು ಚಿತ್ರಿಸಿ, ನೊಂದವರಿಗೇ ಕೊಡಿ. ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬೇಡಿ. ನಿಮ್ಮ ಹೆಸರು, ಫೋನ್ ಸಂಖ್ಯೆಯನ್ನು ಬರೆದುಕೊಟ್ಟು ಸಾಕ್ಷಿ ಹೇಳಲು ಸಿದ್ಧರಿರಿ. ನಿರ್ವಾಹಕರಲ್ಲಿ ಒಂದೇ ವಿನಂತಿ: ಗಲಾಟೆ ಮುಗಿದರೆ ಸಾಕೆಂದು ಕಿರುಕುಳಕ್ಕೆ ಒಳಗಾದವರನ್ನೇ ನಡುದಾರಿಯಲ್ಲಿ ಇಳಿಸಬೇಡಿ. ಬಸ್ಸನ್ನು ಹತ್ತಿರದ ಠಾಣೆಯ ಮುಂದೆ ನಿಲ್ಲಿಸಿ, ಕೈ ಮಾಡಿದವರನ್ನು ಅಲ್ಲಿ ಒಪ್ಪಿಸಿ.