ಮ್ಯೂಸ್‌ಸ್ಕೋರ್‌ನಲ್ಲಿ ಗಿಟಾರ್ ಹಾರ್ಮೋನಿಕ್ಸ್: ನಾನು ಹಿಡಿದ ದಾರಿ

ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರಗಳೇ ಹಾರ್ಮೋನಿಕ್ಸ್. ಅವನ್ನು ಬರೆಯುವಾಗ ಬೆರಳು ಮುಟ್ಟುವ ಜಾಗವನ್ನು ತೋರಿಸಬೇಕೋ ಕೇಳಿಸುವ ಸ್ವರವನ್ನೋ ಎಂಬ ಜಗಳ ಹಳೆಯದು. ನಾನು ಎರಡನ್ನೂ ಮ್ಯೂಸ್‌ಸ್ಕೋರ್ ಎಂಬ ಸ್ವರಲಿಪಿ ತಂತ್ರಾಂಶದ ಒಂದೇ ಫೈಲಿನಲ್ಲಿ ಇಡುತ್ತೇನೆ: ಮುಟ್ಟುವುದು ಕಾಗದಕ್ಕೆ, ಕೇಳಿಸುವುದು ಮರೆಯಾಗಿ ಸ್ಪೀಕರಿಗೆ. ಅರೇಂಜ್‌ಮೆಂಟ್ ಮಾಡುವ ಗೆಳೆಯರೊಬ್ಬರು, "ಕಾಣದ ಸ್ವರ ತುಂಬಿಟ್ಟರೆ ಆರು ತಿಂಗಳಾದ ಮೇಲೆ ಆ ಫೈಲು ನಿಮಗೇ ಅರ್ಥವಾಗುವುದಿಲ್ಲ ನೋಡಿ" ಎಂದಿದ್ದರು. ಆಮೇಲೆ ಎಪ್ಪತ್ತೋ ಎಂಬತ್ತೋ ಪುಟ ಹೀಗೆಯೇ ಮುಗಿಸಿದ್ದೇನೆ. ಈಗ ಟೆಂಪ್ಲೇಟ್ ಕೇಳುತ್ತಿರುವವರು ಅವರೇ.

ಮೊದಲು ಪುಟಕ್ಕೆ ಇನ್ನೂರು, ಮುನ್ನೂರು ರೂಪಾಯಿ ಕೊಟ್ಟು ಸ್ವರಲಿಪಿ ಬರೆಸುತ್ತಿದ್ದೆ. ಬರೆಯುವವರಿಗೆ ಪಿಟೀಲಿನ ಅಭ್ಯಾಸ. ಸ್ವರದ ಮೇಲೊಂದು ಸೊನ್ನೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ಯಾವ ತಂತಿ, ಯಾವ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಎಂದು ವಿದ್ಯಾರ್ಥಿ ಊಹಿಸಬೇಕು. ಬಳಿಕ ವರ್ಷದ ಚಂದಾ ಕಟ್ಟುವ ಒಂದು ತಂತ್ರಾಂಶಕ್ಕೆ ಎಂಟೊಂಬತ್ತು ಸಾವಿರ ಸುರಿದೆ. ಹಾರ್ಮೋನಿಕ್ಸ್ ಸೂಚಿಸುವ ವಜ್ರಾಕೃತಿಯ ಸ್ವರತಲೆಗಳು ಅಂದವಾಗಿ ಬಂದವು, ನುಡಿಸಿದರೆ ಐದನೆಯ ಫ್ರೆಟ್ಟಿನಲ್ಲಿ ಎಲ್ಲ ಹದಗೆಟ್ಟಿತು. 2024ರ ಆಗಸ್ಟ್‌ನಲ್ಲಿ ಫಿನಾಲೆ ಎಂಬ ಇನ್ನೊಂದು ಸ್ವರಲಿಪಿ ತಂತ್ರಾಂಶವೇ ನಿಲ್ಲುತ್ತದೆಂಬ ಸುದ್ದಿ ಬಂದ ಮೇಲಂತೂ ಚಂದಾ ಮುಂದುವರಿಸುವ ಮನಸ್ಸೇ ಹೋಯಿತು. ಮ್ಯೂಸ್‌ಸ್ಕೋರ್‌ಗೆ ಕಾಸು ಖರ್ಚಿಲ್ಲ.

ಮುಟ್ಟುವ ಫ್ರೆಟ್ಟಿನ ಸ್ವರವನ್ನೇ ಬರೆದು, ತಲೆಯನ್ನು ವಜ್ರ ಮಾಡಿ, ಪ್ರಾಪರ್ಟೀಸ್‌ನಲ್ಲಿ ಅದು ಕೇಳಿಸದಂತೆ ‘ಪ್ಲೇ’ ಆಫ್ ಮಾಡುತ್ತೇನೆ. ಕೇಳಿಸಬೇಕಾದ ಸ್ವರವನ್ನು ನಾಲ್ಕನೆಯ ವಾಯ್ಸ್‌ನಲ್ಲಿ (ಒಂದೇ ಸಾಲಿನ ಪ್ರತ್ಯೇಕ ಪದರದಲ್ಲಿ) ಹಾಕಿ, ವಿ ಕೀಲಿ ಒತ್ತಿ ಮರೆಮಾಡುತ್ತೇನೆ. ಎರಡನೆಯ ವಾಯ್ಸ್ ಬೇಡ, ಅಲ್ಲಿ ಹೆಬ್ಬೆರಳಿನ ಬಾಸ್ ಕುಳಿತಿರುತ್ತದೆ. ಲೆಕ್ಕ ಸುಲಭ. ಹನ್ನೆರಡನೆಯ ಫ್ರೆಟ್ಟಿನಲ್ಲಿ ಮುಟ್ಟಿದ್ದೂ ಕೇಳುವುದೂ ಒಂದೇ, ಆದ್ದರಿಂದ ಅಲ್ಲಿ ಮರೆಯ ಸ್ವರವೂ ಬೇಡ, ಪ್ಲೇ ಆಫ್ ಮಾಡುವುದೂ ಬೇಡ. ಒಂದು ಫ್ರೆಟ್ಟಿನ ಅಂತರವೇ ಸೆಮಿಟೋನ್, ಅಂಥ ಹನ್ನೆರಡು ಸೇರಿದರೆ ಆಕ್ಟೇವ್. ಏಳಕ್ಕೆ ಬರೆದದ್ದರಿಂದ ಒಂದು ಆಕ್ಟೇವ್ ಮೇಲೆ. ಐದಕ್ಕೂ ಒಂಬತ್ತಕ್ಕೂ ಹತ್ತೊಂಬತ್ತು ಸೆಮಿಟೋನ್, ನಾಲ್ಕಕ್ಕೆ ಎರಡು ಆಕ್ಟೇವ್. ಆರನೆಯ ತಂತಿಯ ಐದನೆಯ ಫ್ರೆಟ್ಟಿನಲ್ಲಿ ಕಾಗದದ ಮೇಲೆ ಎ ಸ್ವರ ಇರುತ್ತದೆ, ಕಿವಿಗೆ ಬೀಳುವುದು ತೆರೆದ ಮೊದಲನೆಯ ತಂತಿಯ ಇ. ತಂತಿಯ ಸಂಖ್ಯೆಯನ್ನು ವೃತ್ತದಲ್ಲಿ ಹಾಕದೆ ನಾನು ಯಾವ ಪುಟವನ್ನೂ ಹೊರಗೆ ಬಿಡುವುದಿಲ್ಲ.

ಹೆಚ್ಚು ಕಾಡಿದ್ದು ಪೊಳ್ಳು ವಜ್ರ. ಹಳೆಯ ಗಿಟಾರ್ ಮುದ್ರಣಗಳಲ್ಲಿ ಒಂದು ಮಾತ್ರೆಯ ಕಾಲು ಸ್ವರಕ್ಕೂ ಪೊಳ್ಳು ವಜ್ರವೇ ಇರುವುದುಂಟು. ಆ ಅಂದಕ್ಕೆ ಆಸೆಪಟ್ಟು ತಲೆಯ ಅವಧಿಯನ್ನು ಎರಡು ಮಾತ್ರೆಯ ಅರ್ಧ ಸ್ವರದಂತೆ ತೋರಿಸಿ ಅಚ್ಚು ಹಾಕಿಸಿದೆ. ಮಕ್ಕಳು ಎಲ್ಲವನ್ನೂ ಎರಡೆರಡು ಮಾತ್ರೆ ಎಳೆದರು. ಹಾಗಾಗಿ ಸುಮಾರು ನಾಲ್ಕು ನೂರು ರೂಪಾಯಿಯ ಪ್ರತಿಗಳು ರದ್ದಿಗೆ ಹೋದವು. ಈಗ ಕಾಲಿಗೆ ತುಂಬಿದ ವಜ್ರ, ಅರ್ಧಕ್ಕೆ ಪೊಳ್ಳು. ಮರೆಯ ಸ್ವರ ಕಾಣುವ ಸ್ವರವನ್ನು ಪಕ್ಕಕ್ಕೆ ತಳ್ಳುವುದು ಇನ್ನೊಂದು ಪೀಡೆ. ಅದಕ್ಕೆ ಮದ್ದು ನನ್ನ ಟೆಂಪ್ಲೇಟಿನಲ್ಲಿದೆ, ಸದ್ಯಕ್ಕೆ ಅಲ್ಲೇ ಇರಲಿ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ನಾಲ್ಕನೆಯ ಫ್ರೆಟ್ಟಿನ ಹಾರ್ಮೋನಿಕ್ ಪಿಯಾನೊ ಶ್ರುತಿಗಿಂತ ಸುಮಾರು ಹದಿನಾಲ್ಕು ಸೆಂಟ್ (ಸೆಮಿಟೋನಿನ ನೂರನೆಯ ಒಂದು ಭಾಗವೇ ಸೆಂಟ್) ಕೆಳಗೆ ನುಡಿಯುತ್ತದೆ. ಮರೆಯ ಸ್ವರಕ್ಕೆ ಟ್ಯೂನಿಂಗ್‌ನಲ್ಲಿ ಮೈನಸ್ 14 ಕೊಟ್ಟೆ. ನಿಜವಾದ ಗಿಟಾರಿನ ಕಳೆ ಬಂತು, ಆದರೆ ಕೊಳಲಿನ ಜೊತೆ ಸೇರಿಸಿದಾಗ ಕೇಳುವವರೆಲ್ಲ ಅಪಶ್ರುತಿ ಎಂದರು. ಒಂಟಿ ಗಿಟಾರಿನ ಕೃತಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಕಂಪ್ಯೂಟರ್ ವಾದ್ಯಧ್ವನಿಗಳ ಪ್ರಮಾಣಿತ ಪಟ್ಟಿಯಾದ ಜನರಲ್ ಮಿಡಿಯ 32ನೆಯ ಧ್ವನಿಯ ಹೆಸರೇ ಗಿಟಾರ್ ಹಾರ್ಮೋನಿಕ್ಸ್. ಅದನ್ನೂ ಹಾಕಿ ನೋಡಿದೆ. ನೈಲಾನ್ ತಂತಿಯ ಪಕ್ಕದಲ್ಲಿ ಗಾಜಿನ ಲೋಟ ಬಡಿದಂತಿತ್ತು.

ಕೃತಕ ಹಾರ್ಮೋನಿಕ್‌ಗೆ ಇಷ್ಟು ಗೋಜಿಲ್ಲ: ಎಡಗೈ ಒತ್ತುವ ಸ್ವರ ಸಾದಾ ತಲೆಯಲ್ಲಿ, ಬಲಗೈ ಮುಟ್ಟುವುದಕ್ಕೆ ಅದರಿಂದ ಒಂದು ಆಕ್ಟೇವ್ ಎತ್ತರದಲ್ಲಿ ವಜ್ರ. ಕೆಳಗಿನದನ್ನು ಮೌನವಾಗಿಸಿದರೆ ಮುಗಿಯಿತು. ಬೇರೆ ತಂತ್ರಾಂಶದವರಿಗೆ ಮ್ಯೂಸಿಕ್‌ಎಕ್ಸ್‌ಎಂಎಲ್ (ಬೇರೆ ಬೇರೆ ತಂತ್ರಾಂಶಗಳು ಓದುವ ಸ್ವರಲಿಪಿ ಫೈಲು) ಕಳಿಸುವಾಗ ಮಾತ್ರ ನಾಲ್ಕನೆಯ ವಾಯ್ಸ್ ಅಳಿಸಿದ ಪ್ರತಿಯನ್ನು ಕಳಿಸುತ್ತೇನೆ, ಜೊತೆಗೆ ಆಡಿಯೊ ಫೈಲು. ಪ್ಲೇಬ್ಯಾಕ್ ಬೇಕೆಂದು ಹಟ ಹಿಡಿದವರಿಗೆ ಪುಟಕ್ಕೆ ಐವತ್ತು ಹೆಚ್ಚು.